ಲೋಹಿತಾ ನಿಮ್ಮ ದಾರಿಯಲ್ಲೇ ಹೋಗುತ್ತಿದ್ದಾರೆ

ಜುಲೈ ೨೨, ಮಂಗಳವಾರ

ಇವತ್ತು ಕೊರಟಗೆರೆಯಲ್ಲಿ ತಕ್ಕಡಿ ರಿಪೇರಿ, ಎರಡು ದಿನಸಿ ಅಂಗಡಿ, ಒಂದು ರೇಷನ್ ಡಿಪೋ. ತಕ್ಕಡಿ ಕೆಟ್ಟರೆ ಅಂಗಡಿಯವನ ಕಡೆಗೇ ವಾಲುತ್ತದೆ, ಗಿರಾಕಿಯ ಕಡೆ ವಾಲಿದ್ದನ್ನು ನಾನಂತೂ ಕಂಡಿಲ್ಲ. ಸರಿಮಾಡಿ, ತೂಕದ ಕಲ್ಲುಗಳನ್ನು ಡಿಕ್ಕಿಗೆ ಹಾಕಿ ಹೊರಟೆ. ಸಿದ್ದರಬೆಟ್ಟ ಹತ್ತಿ ಬಂದಿದ್ದ ಇಬ್ಬರು ಆ್ಯಪ್‌ನಲ್ಲಿ ನನ್ನ ಕಾರಿನ ಸೀಟು ಹಿಡಿದಿದ್ದರು. ಮಧುಗಿರಿ ಬರುವವರೆಗೆ ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ. ಮಾತಿಗೆ ಜನ ಸಿಗಲಿ ಅಂತ ಅಲ್ಲವೇ ಈ ಆ್ಯಪ್ ಹಾಕಿಸಿಕೊಂಡದ್ದು... ಹೋಗಲಿ.

ಹಾಕಿಕೊಟ್ಟವನು ಮೊಬೈಲ್ ಅಂಗಡಿ ಯುವರಾಜ್. "ಒಬ್ರೇ ಓಡಾಡ್ತೀರಲ್ಲ ಸಾ, ಖಾಲಿ ಸೀಟಿಗೆ ಯಾರಾದ್ರೂ ಬರ್ಲಿ ಬುಡಿ" ಅಂದ. ಆ್ಯಪ್ ಏನೇನೋ ಕೇಳಿತು. ಕಾಂಟ್ಯಾಕ್ಟ್ಸ್ ನೋಡಲೇ, ಲೊಕೇಶನ್ ನೋಡಲೇ. "ಎಲ್ಲಾದ್ಕೂ ಅಲೋ ಒತ್ತಿ" ಅಂದ. ಒತ್ತಿದೆ. ನಾಲ್ಕು ತಾಲ್ಲೂಕಿನ ಕಿರಾಣಿಯವರು, ಮಂಡಿಯವರು, ಕುರಿ ವ್ಯಾಪಾರಿಗಳು, ತಕ್ಕಡಿ ಇಟ್ಟವರೆಲ್ಲರ ನಂಬರೂ ನನ್ನ ಫೋನಿನಲ್ಲಿದೆ. ಎಲ್ಲ ಆ್ಯಪ್ ಕಂಪನಿಯವರಿಗೆ ಹೋಯಿತಂತೆ. ತಗೊಂಡು ಏನು ಮಾಡಿಕೊಳ್ಳುತ್ತಾರೋ.

ರಾತ್ರಿಗೆ ಅನ್ನ ಮಾತ್ರ. ಸಾರು ಬೆಳಗಿನದು.

ಜುಲೈ ೨೫, ಶುಕ್ರವಾರ, ಸಂಜೆ

ಈಗಷ್ಟೇ ಮನೆಗೆ ಬಂದೆ. ಬರೆದರೆ ಅರ್ಥವಾಗಬಹುದು.

ಐದು ಗಂಟೆಗೆ ಆ್ಯಪ್ ಸದ್ದು ಮಾಡಿತು. "ನಿಮ್ಮ ಪರಿಚಿತರಾದ ಲೋಹಿತಾ ನಿಮ್ಮ ದಾರಿಯಲ್ಲೇ ಹೋಗುತ್ತಿದ್ದಾರೆ. ಮಧುಗಿರಿಯಿಂದ ಸಿರಾ. ಜೊತೆಗೆ ಕರೆದೊಯ್ಯುವಿರಾ?"

ಪಕ್ಕದಲ್ಲಿ ಅವಳ ಫೋಟೊ. ನನ್ನ ಫೋನಿನಲ್ಲಿ ನಂಬರಿಗೆ ಹಾಕಿಟ್ಟಿದ್ದ ಅದೇ ಫೋಟೊ, ಹಸಿರು ಸೀರೆಯದು.

ಲೋಹಿತಾ ತೀರಿಕೊಂಡು ವರ್ಷದ ಮೇಲಾಯಿತು. ನಾನೇ ಮಣ್ಣು ಹಾಕಿ ಬಂದಿದ್ದೇನೆ. ಆದರೂ ಒಂದು ಕ್ಷಣ ತಲೆಗೆ ಬಂದದ್ದು ಅದಲ್ಲ. ತವರಿಗೆ ಹೊರಟಿದ್ದಾಳೆ, ನನಗೆ ಹೇಳದೆ ಹೊರಟಿದ್ದಾಳೆ ಅಂತ. ಸಿರಾ ಅವಳ ತವರು. ಸಿಟ್ಟೇ ಬಂತು ನೋಡು.

ಯುವರಾಜನ ಅಂಗಡಿಗೆ ನಡೆದೇ ಹೋದೆ. ನೋಡಿ ಹೇಳಿದ: "ಅಮ್ಮೋರ ಸಿಮ್ಮು ರೀಚಾರ್ಜ್ ಮಾಡ್ಸಿಲ್ಲ ಅಲ್ವಾ ಸಾ. ಕಂಪ್ನಿಯೋರು ಆ ನಂಬರ್ನ ಬ್ಯಾರೆಯೋರಿಗೆ ಕೊಟ್ಟವ್ರೆ. ಅವ್ರು ಈ ಆ್ಯಪ್ ಹಾಕ್ಕೊಂಡವ್ರೆ. ನಿಮ್ಮ ಫೋನಲ್ಲಿ ನೀವು ಬರ್ಕೊಂಡಿರೋ ಹೆಸ್ರು ತೋರುಸ್ತೈತೆ, ಅಷ್ಟೇಯ." ಅಷ್ಟೇ ಅಂತೆ.

ಜುಲೈ ೨೯, ಮಂಗಳವಾರ

ಮತ್ತೆ ಬಂತು. ಅದೇ ಹೊತ್ತು, ಅದೇ ದಾರಿ. ಸಂಜೆ ಸಿರಾದಲ್ಲಿ ನನಗೇನು ಕೆಲಸ? ಏನೂ ಇಲ್ಲ. "ಕರೆದೊಯ್ಯುವೆ" ಅಂತ ಒತ್ತಿದೆ.

ತಾಲ್ಲೂಕು ಆಫೀಸಿನ ಹಿಂದಿನ ರಸ್ತೆಯಲ್ಲಿ ನಿಂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಬಟ್ಟೆ ತುಂಬಿದ ಚೀಲ, ಕುತ್ತಿಗೆಗೆ ಹೊಲಿಗೆಯವರ ಟೇಪು, ತೆಗೆಯುವುದು ಮರೆತಿದ್ದಳು. ಹೆಸರು ಗಂಗಾಲಕ್ಷ್ಮಿ. ಆ್ಯಪ್‌ನಲ್ಲೂ ಅದೇ ಇತ್ತು, ದಪ್ಪ ಅಕ್ಷರದ ಲೋಹಿತಾ ಕೆಳಗೆ ಸಣ್ಣದಾಗಿ. ನಾನು ಅಲ್ಲಿಯವರೆಗೆ ಕಣ್ಣು ಹಾಯಿಸಿರಲಿಲ್ಲ.

ಮಂಗಳವಾರ, ಶುಕ್ರವಾರ ಇಲ್ಲಿ ಹೊಲಿಗೆ ಕ್ಲಾಸಿನಲ್ಲಿ ಹೇಳಿಕೊಡುತ್ತಾಳಂತೆ. ಸಿರಾದಲ್ಲಿ ಅಕ್ಕ ರಂಗಕ್ಕನ ಮನೆಯಲ್ಲಿ ವಾಸ. ಬಡವನಹಳ್ಳಿ ದಾಟುವವರೆಗೆ ಅವಳು ಮಾತಾಡಲಿಲ್ಲ, ಆಮೇಲೆ ನಿಲ್ಲಿಸಲಿಲ್ಲ. ಕೈಕೂಸಿನ ಅಂಗಿಗೆ ಗುಂಡಿ ಇಡಬಾರದು, ಲಾಡಿ ಇಡಬೇಕು ಅನ್ನುವುದನ್ನು ಇವತ್ತು ಕಲಿತೆ.

"ಸಿರಾದಲ್ಲಿ ಏನ್ ಕೆಲ್ಸ ಸಾ ನಿಮ್ಗೆ?" ಅಂದಳು.

"ತಕ್ಕಡಿ ರಿಪೇರಿ."

"ಇಷ್ಟೊತ್ನಲ್ಲಾ?"

"ಕೆಟ್ಟಾಗ ಹೋಗ್ಬೇಕಲ್ಲಮ್ಮ."

ಇಳಿಸಿ, ಒಂದು ಟೀ ಕುಡಿದು, ಬಂದ ದಾರಿಯಲ್ಲೇ ವಾಪಸ್.

ಆಗಸ್ಟ್ ೫, ಮಂಗಳವಾರ

ಶುಕ್ರವಾರವೂ ಹೋಗಿದ್ದೆ, ಬರೆಯಲಿಲ್ಲ. ಇವತ್ತೂ ಹೋದೆ. ಪಾವಗಡದಲ್ಲಿ ಕೆಲಸ ಅರ್ಧಕ್ಕೇ ಬಿಟ್ಟು ಬಂದು ಹೋದೆ ಅಂತ ಬರೆದರೆ ಸರಿ.

"ನಿಮ್ಮನೇಲಿ ಯಾರ್ಯಾರವ್ರೆ ಸಾ?" ಅಂದಳು.

"ನಮ್ಮನೆಯವರು ಇದ್ದಾರೆ."

ಬಾಯಿಂದ ಬಂದೇಬಿಟ್ಟಿತು. ಹೆಂಡತಿ ಇರುವವನು ಅಂದರೆ ಹೆಣ್ಣುಮಕ್ಕಳು ಧೈರ್ಯವಾಗಿ ಕೂರುತ್ತಾರೆ ಅಂತ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಅದಲ್ಲ. ಹೇಳುವಾಗ ಹಿತವಾಗಿತ್ತು.

ಇಳಿದ ಮೇಲೆ ಆ್ಯಪ್ ಪ್ರಯಾಣ ಹೇಗಿತ್ತು ಅಂತ ಕೇಳಿತು. ಕೇಳುವವರಾದರೂ ಇದ್ದಾರಲ್ಲ. ಬರೆದೆ: "ಗಂಗಾಲಕ್ಷ್ಮಿಯವರ ಮಾತು ಕೇಳುತ್ತಾ ಸಿರಾ ರಸ್ತೆ ಮುಗಿದದ್ದೇ ತಿಳಿಯಲಿಲ್ಲ. ಮಂಗಳವಾರ, ಶುಕ್ರವಾರಕ್ಕೆ ಕಾಯುವಂತಾಗಿದೆ." ಚುಕ್ಕಿ ಐದೂ ಕೊಟ್ಟೆ.

ಆಗಸ್ಟ್ ೮, ಶುಕ್ರವಾರ

ವರಮಹಾಲಕ್ಷ್ಮಿ. ಕ್ಲಾಸಿಗೆ ರಜ. ಲೋಹಿತಾ ಎಲ್ಲೂ ಹೊರಟಿಲ್ಲ.

ಎದುರುಮನೆ ರಾಜಲಕ್ಷ್ಮಮ್ಮ ಒಬ್ಬಟ್ಟು ಕಳಿಸಿದ್ದರು. ತಟ್ಟೆ ಹಾಗೇ ಇದೆ.

ಆಗಸ್ಟ್ ೧೨, ಮಂಗಳವಾರ

ಇವತ್ತು ಅವಳೇ ಮಾತು ತೆಗೆದಳು. "ಈ ನಂಬರ್ಗೆ ಯಾರ್ಯಾರೋ ಫೋನ್ ಮಾಡ್ತಾರೆ ಸಾ. ಲೋಹಿತಕ್ಕ ಇಲ್ವಾ, ಸೀರೆಗೆ ಕುಚ್ಚು ಹಾಕ್ಸ್ಬೇಕಿತ್ತು ಅಂತ. ಮೊದ್ಲು ಮೊದ್ಲು ರಾಂಗ್ ನಂಬರ್ ಅಂತಿದ್ದೆ. ಒಬ್ರಿಗೆ ಮಾತ್ರ, ತತ್ತರ್ರಿ ನಾನೇ ಹಾಕ್ಕೊಡ್ತೀನಿ ಅಂದ್ಬುಟ್ಟೆ. ಬಾಳ ಜನುಕ್ಕೆ ಬೇಕಾದೋರು ಅಂತ ಕಾಣುತ್ತೆ ಆ ಯಮ್ಮ."

ಗೇರ್ ಬದಲಾಯಿಸಿದೆ. ಬದಲಾಯಿಸುವ ಅಗತ್ಯವಿರಲಿಲ್ಲ.

ಹೇಳಬೇಕಿತ್ತು. ಆ ಯಮ್ಮ ನನ್ನ ಹೆಂಡತಿ ಅಂತ ಹೇಳಿದರೆ, ಈ ಮನುಷ್ಯ ನನ್ನ ಓಡಾಟ ನೋಡಿಕೊಂಡೇ ಬಂದು ಹತ್ತಿಸಿಕೊಳ್ಳುತ್ತಾನೆ ಅಂತ ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ಹತ್ತುವುದಿಲ್ಲ. ನಾನು ಅವಳ ಜಾಗದಲ್ಲಿದ್ದರೂ ಹತ್ತುತ್ತಿರಲಿಲ್ಲ.

ಆಗಸ್ಟ್ ೧೯, ಮಂಗಳವಾರ

ಬಸ್ಸಿರುವಾಗ ಆ್ಯಪ್ ಯಾಕಮ್ಮ ಅಂತ ಕೇಳಿದೆ. ಸುಮ್ಮನೆ ಕೇಳಿದ್ದು.

 ಹೇಳಿದಳು. ಗಂಡನ ಮನೆ ಪಾವಗಡದ ಕಡೆ, ವಳ್ಳೂರಿನಿಂದ ಆಚೆ. ಕುರಿ ವ್ಯಾಪಾರ. ಹೊಡೆಯುತ್ತಿದ್ದನಂತೆ. ಕೈ ಮುರಿದ ದಿನ ಆಸ್ಪತ್ರೆಯಿಂದಲೇ ಹೊರಟುಬಂದಳಂತೆ. "ಎಲ್ಲವ್ಳೆ ಅಂತ ಅವ್ನಿಗೆ ಗೊತ್ತಿಲ್ಲ ಸಾ. ಗೊತ್ತಾದ್ರೆ ಬುಡಲ್ಲ. ಅದ್ಕೇ ಅಕ್ಕ ಮನೆ ಬದ್ಲಾಯ್ಸುದ್ಲು, ನಾನು ಹೊಸ ನಂಬರ್ ತಗಂಡೆ. ಬಸ್ ಸ್ಟ್ಯಾಂಡಲ್ಲಿ ಅವ್ನ ಕಡೆಯೋರು ಯಾರಾದ್ರೂ ಇರ್ತಾರೆ, ಅಲ್ಲಿಗ್ ಹೋಗಲ್ಲ. ಇದ್ರಲ್ಲಾದ್ರೆ ಯಾರ್ಗೂ ಗೊತ್ತಾಗಲ್ಲ ಅಂತ..."

ಯಾರಿಗೂ ಗೊತ್ತಾಗುವುದಿಲ್ಲವಂತೆ.  ಶುಕ್ರವಾರ ಹೇಳಿಯೇಬಿಡಬೇಕು. ಹತ್ತದಿದ್ದರೆ ಹತ್ತದಿರಲಿ.

ಆಗಸ್ಟ್ ೨೨, ಶುಕ್ರವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಕೊರಟಗೆರೆಯಲ್ಲಿದ್ದೆ. ಅಂಜಿನಮೂರ್ತಿಯ ಫೋನು. ಪಾವಗಡದ ಕಡೆಯ ಕುರಿ ವ್ಯಾಪಾರಿ, ಕುರಿ ನಿಲ್ಲಿಸಿ ತೂಗುವ ಅವನ ದೊಡ್ಡ ತಕ್ಕಡಿಗೆ ಎರಡು ಸಲ ರಿಪೇರಿ ಮಾಡಿಕೊಟ್ಟಿದ್ದೇನೆ. ತಕ್ಕಡಿ ಕೆಟ್ಟಿರಬೇಕು ಅಂದುಕೊಂಡೆ.

"ಏಂ ಸಾರ್, ಬಾಗುನ್ನಾರಾ" ಅಂದ. ಚೆನ್ನಾಗಿದ್ದೀರಾ ಅಂತ, ಅರ್ಧ ತೆಲುಗು ಅವನದು. "ಬಾಳ ಒಳ್ಳೇ ಮಾತು ಬರ್ದಿದೀರಲ್ಲ ಸಾರ್, ಮಾತ್ ಕೇಳ್ತಾ ರಸ್ತೆ ಮುಗ್ದಿದ್ದೇ ಗೊತ್ತಾಗ್ಲಿಲ್ಲ ಅಂತ."

ನನಗೆ ಹೊಳೆಯಲಿಲ್ಲ.

"ನಾನೂ ಆ ಆ್ಯಪ್ ಹಾಕ್ಕೊಂಡೆ ಸಾರ್. ಗೊತ್ತಿರೋರು ಯಾರ್ ಎಲ್ಲಿಗ್ ಹೋದ್ರು, ಯಾರ್ ಜೊತೆ ಹೋದ್ರು, ಎಲ್ಲಾ ತೋರುಸ್ತೈತೆ. ನಿಮ್ಮ ಹೆಸ್ರು ಬಂತು. ಪಕ್ಕದಾಗೆ ಗಂಗಾಲಕ್ಷ್ಮಿ ಅಂತಾನೂ ಬಂತು. ಆಯಮ್ಮ ಮಾ ಇಂಟಿದಿ ಸಾರ್." ನಮ್ಮ ಮನೆಯವಳು ಅಂತ. ದನಿ ಏರಿಸಲಿಲ್ಲ, ಕುರಿ ರೇಟು ಕೇಳುವವನ ಹಾಗೇ ಇದ್ದ. "ಸಿರಾದಾಗೆ ಎಲ್ಲಿ ಇಳೀತಾಳೆ ಅಂತ ಒಂದ್ ಮಾತು ಹೇಳ್ರಿ ಸಾಕು. ಮಾತಾಡ್ಸ್ಬೇಕು ಅಷ್ಟೆ."

"ನಂಗ್ಗೊತ್ತಿಲ್ಲಪ್ಪ. ಇವತ್ತು ನಾನು ಆ ಕಡೆ ಹೋಗ್ತಾನೂ ಇಲ್ಲ."

"ಮಂಗಳ್ವಾರ ಶುಕ್ರವಾರ ಐದೂವರೆಗೆ ಮಧುಗಿರಿ ಬಿಡ್ತೀರಂತ ತೋರುಸ್ತೈತಲ್ಲ ಸಾರ್. ಪರ್ವಾಗಿಲ್ಲ ಬುಡ್ರಿ. ನಾನು ಸಿರಾದಾಗೇ ಅವ್ನಿ."

ಇಟ್ಟ. ನಾನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವಳ ಹೆಸರು, ವಾರ, ದಾರಿ, ಎಲ್ಲವನ್ನೂ ನನ್ನ ಕೈಯಾರೆ ಬರೆದು ನಾಲ್ಕು ತಾಲ್ಲೂಕಿಗೆ ಹಂಚಿದ್ದೇನೆ. ಅವನಿಗೆ ಅವಳು ಸಿಕ್ಕದ್ದು ನನ್ನಿಂದ.

ಆ್ಯಪ್‌ನಲ್ಲಿ ಅವಳಿಗೆ ಕರೆ ಮಾಡಿದೆ, ಹೋಗಲಿಲ್ಲ. ಅದರಲ್ಲಿ ಬರೆಯಲು ಭಯ—ಅದನ್ನೂ ಯಾರಿಗೆ ತೋರಿಸುತ್ತದೋ. ಆಪಾಟಿ ಓಡಾಡಿದ್ದರೂ ಅವಳು ನನಗೆ ನಂಬರ್ ಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ. ಆದರೆ ನಂಬರ್ ನನ್ನಲ್ಲಿತ್ತು. ಮಣ್ಣಾದ ಮೇಲೆ ಅದಕ್ಕೆ ಒಮ್ಮೆಯೂ ಮಾಡಿದವನಲ್ಲ. ಇವತ್ತು ಮಾಡಿದೆ. ಪರದೆ ತುಂಬ ಲೋಹಿತಾ, ಹಸಿರು ಸೀರೆ. ರಿಂಗ್ ಆಯಿತು.

"ಹಲೋ" ಅಂದಳು ಗಂಗಾಲಕ್ಷ್ಮಿ. ಹಿಂದೆ ಹೊಲಿಗೆ ಮಷಿನ್ನಿನ ಸದ್ದು.

"ನಾನಮ್ಮ, ತಕ್ಕಡಿ ರೇಣುಕಪ್ರಸಾದ. ಇವತ್ತು ಸಿರಾಗೆ ಹೋಗ್ಬೇಡ. ನಿನ್ ಗಂಡ ಅಲ್ಲಿ ಬಂದಿದ್ದಾನೆ."

ಮಷಿನ್ನು ನಿಂತಿತು.

"ಈ ನಂಬರ್ ನಿಮ್ಗೆ ಯಾರ್ ಕೊಟ್ರು?" ದನಿ ಬೇರೆಯಾಗಿತ್ತು. ನಾನೇ ಅವನ ಕಡೆಯವನು ಅಂದುಕೊಂಡಿದ್ದಾಳೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

"ಅದು ನಮ್ಮನೆಯವರ ನಂಬರಮ್ಮ. ಕುಚ್ಚು ಹಾಕ್ತಿದ್ದ ಲೋಹಿತಾ. ನನ್ನ ಹೆಂಡತಿ."

"ಮನೇಲವ್ರೆ ಅಂದ್ರಿ."

"ಇಲ್ಲ. ತೀರ್ಕೊಂಡು ವರ್ಷದ ಮೇಲಾಯ್ತು. ಸುಳ್ಳು ಹೇಳ್ದೆ."

ಆಮೇಲೆ ಎಲ್ಲ ಹೇಳಿದೆ. ಆ್ಯಪ್ ಅವಳ ಓಡಾಟ ತೋರಿಸುತ್ತಿದ್ದದ್ದು, ನಾನು ಕೆಲಸವಿಲ್ಲದೆ ಸಿರಾಗೆ ಬರುತ್ತಿದ್ದದ್ದು, ನಾನು ಬರೆದ ಮಾತು, ಅಂಜಿನಮೂರ್ತಿ ಅದನ್ನು ಓದಿದ್ದು. ಅಂಗಡಿಯವನು ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದ. ನೋಡಲಿ ಅಂತ ಬಿಟ್ಟೆ.

ಅತ್ತ ಅವಳು ಬಾಗಿಲು ಹಾಕಿದ ಸದ್ದು ಕೇಳಿತು. 

"ಈಗೇನ್ ಮಾಡ್ಲಿ ಸಾ?" ಅಂದಳು.

ಕ್ಲಾಸ್ ನಡೆಸುವ ಮೇಡಮ್ ಮನೆಯಲ್ಲೇ ಇವತ್ತು ಉಳಿ ಅಂದೆ. ಅಕ್ಕನಿಗೆ ಹೇಳಿಸು, ಅವರೂ ಬಾಗಿಲು ಹಾಕಿಕೊಂಡಿರಲಿ. ನಾಳೆ ಮೇಡಮ್ ಜೊತೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡು, ಅವನು ನನಗೆ ಫೋನ್ ಮಾಡಿದ್ದಕ್ಕೆ ನಾನು ಬಂದು ಸಾಕ್ಷಿ ಹೇಳುತ್ತೇನೆ. ಆ್ಯಪ್ ತೆಗೆದುಹಾಕು. ಇನ್ನೊಂದು ಹೇಳಬೇಕಿತ್ತು. 

"ಆ ಸಿಮ್ಮೂ ಬೇಡ ಕಣಮ್ಮ. ಮುರ್ದು ಬಿಸಾಕು."

"ನಿಮ್ಮನೆಯೋರ್ದಲ್ವಾ ಸಾ."

"ಬಿಸಾಕಮ್ಮ."

ಆಗಸ್ಟ್ ೨೩, ಶನಿವಾರ

ಸ್ಟೇಷನ್ನಿಗೆ ಹೋಗಿ ಬರೆದುಕೊಟ್ಟೆ. ಅವಳೂ ಬಂದಿದ್ದಳು, ಮೇಡಮ್ ಪಕ್ಕದಲ್ಲಿ. ನನ್ನ ಕಡೆ ತಿರುಗಲಿಲ್ಲ. ಅಂಜಿನಮೂರ್ತಿಯನ್ನು ಕರೆಸಿ ಮಾತಾಡುತ್ತೇವೆ ಅಂದರು ಪೊಲೀಸರು.

ಆ್ಯಪ್ ತೆಗೆದೆ. ಅದಕ್ಕೆ ಮುಂಚೆ, ಕೊಟ್ಟ ನಂಬರ್‌ಗಳೆಲ್ಲ ಅಳಿಸಿ ಅಂತ ಕಂಪನಿಗೆ ಬರೆದೆ. ತಕ್ಷಣ ಉತ್ತರ ಬಂತು, ಯಾವ ಮನುಷ್ಯನೂ ಬರೆದದ್ದಲ್ಲ. ನಿಮ್ಮ ಅನುಭವ ನಮಗೆ ಮುಖ್ಯವಂತೆ.

ಸೆಪ್ಟೆಂಬರ್ ೨, ಮಂಗಳವಾರ

ಸಂಜೆ ಮನೆಯಲ್ಲೇ. ಎಲ್ಲೂ ಹೊರಡಲಿಲ್ಲ. ಆ ನಂಬರ್‌ಗೆ ಮಾಡಿದೆ. ಸ್ವಿಚ್ ಆಫ್. ಒಳ್ಳೆಯದೇ, ಹೇಳಿದ ಹಾಗೆ ಮಾಡಿದ್ದಾಳೆ.

ಒಬ್ಬಳೇ ಹೆಂಡತಿ. ಎರಡನೇ ಸಲ ಕಳಕೊಂಡ ಹಾಗಿದೆ. ಇದನ್ನು ಯಾರಿಗೆ ಹೇಳುವುದು, ನಗುತ್ತಾರೆ.

ಸೆಪ್ಟೆಂಬರ್ ೯, ಮಂಗಳವಾರ, ಸಂಜೆ

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು. ರಂಗಕ್ಕ, ಗಂಗಾಲಕ್ಷ್ಮಿಯ ಅಕ್ಕ. "ಸಿರಾ ಬಸ್ ಕಂಡಕ್ಟ್ರು ಕೈಲಿ ಒಂದು ಪೊಟ್ಣ ಕೊಟ್ಟಿವ್ನಿ ಸಾಮಿ. ನಾಕ್ ಗಂಟ್ಗೆ ಮಧುಗಿರಿಗ್ ಬತ್ತೈತೆ, ಇಸ್ಕಳ್ಳಿ. ಗಂಗಾ ಬ್ಯಾರೆ ಊರಿಗ್ ಹೋದ್ಲು. ಯಾವೂರು ಅಂತ ಕೇಳ್ಬ್ಯಾಡಿ."

"ಕೇಳಲ್ಲಮ್ಮ. ಚೆನ್ನಾಗಿದ್ದಾಳಾ?"

"ಅವ್ಳೆ. ಮುರ್ಯಕ್ಕೆ ಮನ್ಸು ಬರ್ಲಿಲ್ಲ, ಕೊಟ್ಬುಡು ಅಂದ್ಲು."

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಗಿತ್ತ. ರವಿಕೆ ಬಟ್ಟೆಯ ಚೂರು, ನಾಲ್ಕು ಕಡೆ ಹೊಲಿಗೆ ಹಾಕಿದ್ದಾಳೆ. ಬಿಚ್ಚಿದರೆ ಒಳಗೆ ಸಿಮ್.

ಹಳೆಯ ಫೋನು ಹುಡುಕಿ ಅದಕ್ಕೆ ಹಾಕಿ ಮೇಜಿನ ಮೇಲೆ ಇಟ್ಟೆ. ಸಿಗ್ನಲ್ ಕಡ್ಡಿ ಒಂದೊಂದೇ ಬಂದವು. ಏನೋ ತೋಚಿ ನನ್ನ ಫೋನಿನಿಂದ ಲೋಹಿತಾ ಅಂತ ಒತ್ತಿದೆ. ಮೇಜಿನ ಮೇಲೆ ರಿಂಗ್ ಆಗುತ್ತಿದೆ. ಇಲ್ಲಿ ಕಿವಿಯಲ್ಲೂ ಆಗುತ್ತಿದೆ. ಎತ್ತಲು ಮನೆಯಲ್ಲಿ ನಾನೊಬ್ಬನೇ ಇರುವುದು, ಎತ್ತಿದರೆ ನಿಂತುಹೋಗುತ್ತದೆ. ಅದಕ್ಕೇ ಬರೆಯುತ್ತಾ ಕೂತಿದ್ದೇನೆ, ಇನ್ನೂ ಆಗುತ್ತಿದೆ, ಇನ್ನೂ