ತೊಂಬತ್ತೊಂಬತ್ತು ನಿಮಿಷ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಇವಳೇ,

ಸಂಜೆ ಏಳು ಗಂಟೆ. ಬೆಳಿಗ್ಗೆ ವಿಭಾಗದ ಕಂಪ್ಯೂಟರ್ ಕೋಣೆಯಲ್ಲಿ ಕೂತಿದ್ದೆ. ಮಧ್ಯಾಹ್ನ ಅಂಗಡಿಗೆ ಹೋಗಿ ನಮ್ಮ ಮರಿಯ ಪ್ರಬಂಧದ ಐದು ಪ್ರತಿ ಹೊಲಿದು, ರಟ್ಟು ಅಂಟಿಸಿ, ಪ್ರೆಸ್ಸಿನಡಿ ಇಟ್ಟು ಈಗ ತಾನೇ ಬಂದೆ. ನಿನ್ನ ಮಂಡಿ ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಎತ್ತರ, ಕಂಬಿ ಹಿಡಿದೇ ಇಳಿ. ಮಾತ್ರೆ ನುಂಗದೆ "ಅಯ್ಯೋ ಮರೆತೆ" ಅನ್ನುವ ನಿನ್ನ ಆಟ ನನಗೆ ಗೊತ್ತು, ಪಾಪ ಅಕ್ಕನಿಗೆ ಗೊತ್ತಿಲ್ಲ. ನಾನು ಆರೋಗ್ಯವಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ. ಗ್ರಂಥಾಲಯದಿಂದ ಮರಿಯ ಫೋನಿಗೆ ಸಂದೇಶ ಬರುತ್ತಲೇ ಇದೆ, ಮೂರು ಪುಸ್ತಕ ವಾಪಸ್ ಕೊಡಿ ಅಂತ. ಎರಡನ್ನು ಕೊಟ್ಟು ಬಂದೆ. ಮೂರನೆಯದು ಮನೆಯಲ್ಲೆಲ್ಲೂ ಸಿಗಲಿಲ್ಲ. ನಿನ್ನ ಚೀಲದಲ್ಲಿದೆಯೇ? ಇದ್ದರೆ ಇರಲಿ, ಸುಮ್ಮನೆ ಕೇಳಿದೆ.

ನೀನು ಬಸ್ಸು ಹತ್ತುವಾಗ ಹೇಳಿದ ಮಾತು ಕಿವಿಯಲ್ಲೇ ಇದೆ. "ಡಾಕ್ಟರೇಟ್ ಕೊಡಲಿ, ಬಿಡಲಿ, ಅವಳು ಬರೆದಿದ್ದರಲ್ಲಿ ಒಂದಕ್ಷರ ಮುಟ್ಟಬೇಡಿ ರೀ." ಹೂಂ ಅಂದಿದ್ದೆ. ತೀರಿಹೋದವರ ಪ್ರಬಂಧವನ್ನು ಮಾರ್ಗದರ್ಶಕರು ಸಲ್ಲಿಸಬಹುದು ಎಂದು ನಿಯಮವಿದೆಯಲ್ಲ, ಅದರಂತೆ ಮೇಡಂ ಎಲ್ಲ ಸಿದ್ಧ ಮಾಡಿ ನನಗೆ ಕಟ್ಟಲು ಕೊಟ್ಟರು. ನೋಡಿದರೆ ನಾಲ್ಕನೇ ಅಧ್ಯಾಯದ ದೊಡ್ಡ ಕೋಷ್ಟಕ ಎಡಗಡೆಯ ಅಂಚನ್ನು ಮೀರಿ ಬಂದಿತ್ತು. ಹಾಗೇ ಹೊಲಿದರೆ ಮೊದಲ ಕಾಲಂನ ಅಂಕಿಗಳೆಲ್ಲ ಪುಸ್ತಕದ ಬೆನ್ನೊಳಗೆ ಹೂತುಹೋಗುತ್ತವೆ. ಅರವತ್ತಮೂರನೇ ಪುಟದಲ್ಲಿ "ಕೋಷ್ಟಕ ??" ಎಂದು ಬೇರೆ ಅಚ್ಚಾಗಿತ್ತು. ಇದು ಅಕ್ಷರ ಮುಟ್ಟುವುದಲ್ಲ, ಕಟ್ಟುವವನ ಕೆಲಸ ಎಂದುಕೊಂಡೆ. ಮರಿಯ ಜೊತೆ ಓದುತ್ತಿದ್ದ ಹುಡುಗಿ ಇದ್ದಾಳಲ್ಲ, ಮರಿಯೇ ಗುಬ್ಬಿ ಅಂತ ಹೆಸರಿಟ್ಟಿದ್ದಳು, ಅವಳ ಪಕ್ಕದಲ್ಲಿ ಕೂತು ಕಳೆದ ಬುಧವಾರದಿಂದ, ಮರಿ ಪ್ರಬಂಧ ಜೋಡಿಸಿದ ಆ ಸಾಫ್ಟ್‌ವೇರ್ ಕಲಿಯತೊಡಗಿದೆ. ಹತ್ತನೇ ಕ್ಲಾಸಿನ ನನ್ನ ಓದಿಗೆ ಅದು ಸುಲಭಕ್ಕೆ ಬಗ್ಗಲಿಲ್ಲ. "ಅಂಕಲ್, ಮೌಸನ್ನ ಸುತ್ತಿಗೆ ಹಿಡಿದ ಹಾಗೆ ಹಿಡೀಬೇಡಿ, ಅದು ಎಲ್ಲೂ ಓಡಿಹೋಗಲ್ಲ" ಅಂತ ಗುಬ್ಬಿ ಎರಡು ದಿನ ಗೋಳು ಹೊಯ್ದುಕೊಂಡಳು.

ನಮಗೆ ದಾರಿ ತೋರಿಸಿದ್ದು ಮರಿಯ ಹಸಿರು ನೋಟ್‌ಬುಕ್ಕು. ಹೊಸದಾಗಿ ಸಂಶೋಧನೆಗೆ ಸೇರುವವರಿಗೆಂದು ಅದರಲ್ಲಿ ಅವಳು ಕಿವಿಮಾತು ಬರೆದಿಟ್ಟಿದ್ದಳು. ಓದುತ್ತಿದ್ದರೆ ಎದುರು ನಿಂತು ಗದರಿದ ಹಾಗೇ ಇದೆ. ಕೋಷ್ಟಕಕ್ಕೆ ನೀವಾಗಿ ನಂಬರ್ ಹಾಕಬೇಡಿ, ಒಂದು ಹೆಸರಿಡಿ, ನಂಬರನ್ನು ಸಾಫ್ಟ್‌ವೇರೇ ಹಾಕಿಕೊಳ್ಳುತ್ತದೆ. ಹೆಸರು ಸಿಗದಿದ್ದರೆ ಎರಡು ಪ್ರಶ್ನೆ ಚಿಹ್ನೆ ಹಾಕಿ ಕೇಳುತ್ತದೆ, ಮನುಷ್ಯರ ಹಾಗೆ ಗೊತ್ತಿದ್ದವರಂತೆ ನಟಿಸುವುದಿಲ್ಲ. ತಪ್ಪುಗಳು ನೂರು ಸಾಲು ಬಂದರೂ ಅಳಬೇಡಿ, ಮೊದಲನೆಯದನ್ನು ಸರಿಮಾಡಿ, ಮಿಕ್ಕವು ಅರ್ಧಕ್ಕರ್ಧ ತಾವೇ ಹೋಗುತ್ತವೆ. ಮೂಲ ಅಂಕಿಗಳ ಫೈಲನ್ನು ಮುಟ್ಟಲೇಬೇಡಿ, ನಕಲು ಮಾಡಿಕೊಂಡು ಕೆಲಸ ಮಾಡಿ. ಲೆಕ್ಕದ ಸಾಫ್ಟ್‌ವೇರಿನಲ್ಲಿ ಏನೇ ಮಾಡಿದರೂ ಕ್ಲಿಕ್ ಮಾಡಿ ಮರೆಯಬೇಡಿ, ಆಜ್ಞೆಯಾಗಿ ಬರೆದಿಡಿ, ಆರು ತಿಂಗಳ ಮೇಲೆ ಅದನ್ನು ಓದುವವರು ನೀವೇ ಆದರೂ ಬೇರೆಯವರೇ. ಒಂದು ಕಡೆ "ಎಡಕ್ಕೆ ಒಂದೂವರೆ ಇಂಚು ಬಿಡಿ, ಇಲ್ಲದಿದ್ದರೆ ನಮ್ಮಪ್ಪ ಬೈಯುತ್ತಾರೆ" ಅಂತ ಬರೆದಿದ್ದಾಳೆ. ಅದನ್ನು ಓದಿ ಗುಬ್ಬಿ ನೀರು ಕುಡಿದು ಬರುತ್ತೇನೆಂದು ಎದ್ದು ಹೋದಳು.

ಕೋಷ್ಟಕ ಲೆಕ್ಕದ ಸಾಫ್ಟ್‌ವೇರಿನಿಂದಲೇ ಬರುವುದರಿಂದ, ಅದನ್ನು ಕಿರಿದು ಮಾಡಬೇಕಾದರೆ ಲೆಕ್ಕವನ್ನು ಇನ್ನೊಮ್ಮೆ ಓಡಿಸಬೇಕಿತ್ತು. ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದ ಮಾತೊಂದಿದೆ: ಏನನ್ನಾದರೂ ಲೆಕ್ಕ ಹಾಕುವ ಮೊದಲು ಪ್ರತಿ ಕಾಲಂನ ಅತಿ ಚಿಕ್ಕ, ಅತಿ ದೊಡ್ಡ ಸಂಖ್ಯೆ ನೋಡಿ. ಶುಕ್ರವಾರ ನೋಡಿದೆವು. ಅವಳು ಆಸ್ಪತ್ರೆಗಳ ಅಡುಗೆಮನೆಯಲ್ಲಿ ಕೆಲಸ ಮಾಡುವ ಇನ್ನೂರ ಹದಿನಾಲ್ಕು ಹೆಂಗಸರನ್ನು, ಪಾಳಿಯಲ್ಲಿ ಎಷ್ಟು ನಿಮಿಷ ಕೂರಲು ಸಿಗುತ್ತದೆ, ಕಾಲುನೋವು ಎಷ್ಟಿದೆ ಎಂದು ಕೇಳಿದ್ದು ನಿನಗೆ ನೆನಪಿದೆಯಲ್ಲ? ಕೂರುವ ನಿಮಿಷದ ಕಾಲಂನಲ್ಲಿ ಅತಿ ದೊಡ್ಡ ಸಂಖ್ಯೆ ತೊಂಬತ್ತೊಂಬತ್ತು ಎಂದು ಬಂತು. ಅದು ಒಬ್ಬರದಲ್ಲ, ಹದಿನೇಳು ಜನರದು. ಉಳಿದವರಲ್ಲಿ ಯಾರಿಗೂ ನಲವತ್ತು ದಾಟಿಲ್ಲ. ನನಗೆ ಅಂಕಿಅಂಶ ಗೊತ್ತಿಲ್ಲ, ಆದರೆ ನಿಂತು ಕೆಲಸ ಮಾಡುವವರ ಬಾಯಿ ಗೊತ್ತು. ಒಂದೂವರೆ ಗಂಟೆ ಅಂತಾರೆ, ಒಂದೂಮುಕ್ಕಾಲು ಗಂಟೆ ಅಂತಾರೆ, ತೊಂಬತ್ತೊಂಬತ್ತು ನಿಮಿಷ ಅಂತ ಯಾರೂ ಅನ್ನುವುದಿಲ್ಲ. ಗುಬ್ಬಿ ನೋಟ್‌ಬುಕ್ಕು ತಿರುವಿದಳು. ವಯಸ್ಸು, ಅನುಭವ, ನೋವು, ಇವುಗಳಿಗೆ ಉತ್ತರ ಸಿಗದಿದ್ದರೆ 99 ಹಾಕಿ. ಕೂರುವ ನಿಮಿಷಕ್ಕೆ ಮಾತ್ರ 999 ಹಾಕಿ, ಯಾರಾದರೂ ನಿಜವಾಗಿಯೂ 99 ನಿಮಿಷ ಕೂತಿರಬಹುದು. ಹಾಗೆ ಬರೆದಿತ್ತು. ಮರಿ ಸಾಫ್ಟ್‌ವೇರಿಗೂ ಹಾಗೇ ಹೇಳಿಟ್ಟಿದ್ದಳು. ಹಾಗಾಗಿ ಅದು 999 ಕಂಡಲ್ಲಿ ಬಿಟ್ಟುಬಿಡುತ್ತದೆ, 99 ಕಂಡರೆ ನಿಜವೆಂದು ನಂಬುತ್ತದೆ.

ಕಪಾಟಿನಿಂದ ಆ ಹದಿನೇಳು ಹಾಳೆ ತೆಗೆದೆವು. ಎಲ್ಲವೂ ಕೊನೆಯ ಆಸ್ಪತ್ರೆಯವು. ಅಲ್ಲಿ ಮೇಲ್ವಿಚಾರಕಿ ಪಕ್ಕದಲ್ಲೇ ನಿಂತಿದ್ದಳಂತೆ, ಈ ಹೆಂಗಸರು ಕೂರುವ ಪ್ರಶ್ನೆಗೆ ಬಾಯಿ ಬಿಟ್ಟಿಲ್ಲ. ಹಾಳೆಯ ಅಂಚಿನಲ್ಲಿ ಮರಿ ಪೆನ್ಸಿಲಿನಲ್ಲಿ "ಹೆದರಿದರು" ಅಂತ ಬರೆದುಕೊಂಡಿದ್ದಾಳೆ. ನೋವಿನ ಪ್ರಶ್ನೆಗೆ ಮಾತ್ರ ಹತ್ತಕ್ಕೆ ಎಂಟು, ಒಂಬತ್ತು ಎಂದು ಹೇಳಿದ್ದಾರೆ. ಕೂರುವ ಮಾತೆತ್ತಲೂ ಹೆದರಿದವರು ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಕೂತವರಾಗಿಬಿಟ್ಟಿದ್ದರು. ಗುಬ್ಬಿ ನಕಲು ಫೈಲಿನಲ್ಲಿ ಆ ಹದಿನೇಳನ್ನು 999 ಮಾಡಿ ಮತ್ತೆ ಓಡಿಸಿದಳು. ಸಂಬಂಧ ಬಂತು, ಇವಳೇ. ಕೂರಲು ಸಿಕ್ಕಷ್ಟೂ ನೋವು ಕಡಿಮೆ. ಮೊದಲ ದಿನದಿಂದ ಅವಳು ಹೇಳುತ್ತಿದ್ದದ್ದೇ ಸರಿ.

ಅವಳ ಕೊನೆಯ ಅಧ್ಯಾಯ ನಿನಗೆ ಗೊತ್ತಿದೆ. "ಕೂರುವ ಅವಧಿಗೂ ನೋವಿಗೂ ಸಂಬಂಧ ಕಂಡುಬರಲಿಲ್ಲ. ನನ್ನ ಊಹೆ ತಪ್ಪಾಗಿತ್ತು." ಆ ಫಲಿತಾಂಶ ಬಂದ ದಿನ ಅವಳು ಲ್ಯಾಪ್‌ಟಾಪ್ ಮುಚ್ಚಿ, "ಇಲ್ಲ ಅಂದ್ರೆ ಇಲ್ಲ ಅಪ್ಪಾ, ಬಂದಿದ್ದನ್ನ ಬರೀಬೇಕು" ಅಂದು ಗೋಡೆ ಕಡೆ ತಿರುಗಿ ಮಲಗಿದಳು. ನೀನು ಜ್ವರ ಏರಿತೆಂದು ಹಣೆ ಮುಟ್ಟಿ ನೋಡಿದೆ. ಜ್ವರ ಇರಲಿಲ್ಲ. ಅದಾದ ಮೇಲೆ ಅವಳು ಇದ್ದದ್ದು ಹನ್ನೊಂದು ದಿನ.

ನಿನ್ನೆ ಮೇಡಂ ಹತ್ತಿರ ಹೋದೆವು. ಅವರು ಎರಡು ದಾರಿ ಹೇಳಿದರು. ಇದ್ದದ್ದು ಇದ್ದ ಹಾಗೇ ಕೊಡೋಣ, ಯಾರೂ ಕೆದಕುವುದಿಲ್ಲ. ಇಲ್ಲವೆಂದರೆ ಕೊನೆಯ ಅಧ್ಯಾಯವನ್ನು ನಾನೇ ಅವಳ ಧಾಟಿಯಲ್ಲಿ ತಿದ್ದಿ ಬರೆಯುತ್ತೇನೆ ಎಂದರು ಮೇಡಂ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಮೊದಲನೆಯದು ಸುಳ್ಳು. ಎರಡನೆಯದು ನಿನಗೆ ಕೊಟ್ಟ ಮಾತು ಮುರಿದಂತೆ. ನಮ್ಮ ಕೆಲಸದಲ್ಲಿ ಅಚ್ಚಾದ ಪುಸ್ತಕದಲ್ಲಿ ತಪ್ಪು ಸಿಕ್ಕರೆ ಪುಟ ಕೀಳುವುದಿಲ್ಲ, ತಿದ್ದುಪಡಿಯ ಹಾಳೆಯೊಂದನ್ನು ಪಕ್ಕದಲ್ಲಿ ಅಂಟಿಸುತ್ತೇವೆ. ಹಾಗೆ ಮಾಡೋಣ ಎಂದೆ. ಕೊನೆಯ ಅಧ್ಯಾಯ ಅವಳು ಬರೆದಂತೆಯೇ ಇದೆ, ಒಂದು ಚುಕ್ಕೆ ಕದಲಿಲ್ಲ. ಅದರ ಎದುರಿಗೆ ಹೊಸ ಕೋಷ್ಟಕ, ಅಂಕಿ ತುಂಬಿಸುವಾಗ ಆದ ತಪ್ಪಿನ ವಿವರ, ಸಂಶೋಧಕಿಯ ಮೂಲ ಊಹೆಯೇ ಸರಿ ಎಂಬ ಒಂದು ಸಾಲು, ಕೆಳಗೆ ಮೇಡಂ ಸಹಿ. ಅಂಚಿಗೆ ಮಾತ್ರ ಅಂಟು ಸವರಿ, ಐದು ಪ್ರತಿಗೂ ನಾನೇ ಅಂಟಿಸಿದೆ. ನೀನು ಒಪ್ಪುತ್ತೀಯೋ ಇಲ್ಲವೋ ಗೊತ್ತಿಲ್ಲ. ಕೇಳಲು ಮೂರು ಸಲ ಫೋನ್ ಕೈಗೆತ್ತಿಕೊಂಡೆ, ಅಕ್ಕನ ದನಿ ಕೇಳಿ ಬರೀ ಕ್ಷೇಮ ವಿಚಾರಿಸಿ ಇಟ್ಟೆ.

ಅಕ್ಕ ಭಾವನಿಗೆ ನನ್ನ ನಮಸ್ಕಾರ ತಿಳಿಸು. ಅವರ ಮೊಮ್ಮಗುವಿಗೆ ಮುದ್ದು. ನೀನು ಬೇಗ ಬಾ ಎಂದು ಒತ್ತಾಯಿಸುವುದಿಲ್ಲ, ಮನಸ್ಸಾದಾಗ ಬಾ.

ನಿನ್ನ,
"ರೀ"

ಇನ್ನೊಂದು ಮಾತು. ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಆಮೇಲೆ ಆಗುವುದಿಲ್ಲ. ಮೇಲೆ ಓದಿ ಪಾಪ ಮರಿಯೇ ಕಾಯಿಲೆಯಲ್ಲಿ ತಪ್ಪು ಮಾಡಿರಬೇಕು ಎಂದುಕೊಳ್ಳಬೇಡ. ಕೊನೆಯ ಆಸ್ಪತ್ರೆಯ ನಲವತ್ತೊಂದು ಹಾಳೆಗಳ ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿಸಿದವನು ನಾನು. ರಾತ್ರಿಯೆಲ್ಲ ಎದ್ದಿದ್ದ ನೀನು ಮಧ್ಯಾಹ್ನ ಒರಗುತ್ತಿದ್ದಾಗ ಅವಳು ಮಲಗಿಕೊಂಡೇ ಓದುತ್ತಿದ್ದಳು, ನಾನು ಒತ್ತುತ್ತಿದ್ದೆ. ಮೊದಲ ಹಾಳೆಯಲ್ಲಿ ಯಾರೋ ವಯಸ್ಸು ಹೇಳಿರಲಿಲ್ಲ. ಏನು ಹಾಕಲಿ ಅಂದೆ, ತೊಂಬತ್ತೊಂಬತ್ತು ಅಂದಳು. ಆಮೇಲೆ "ಉತ್ತರ ಇಲ್ಲ" ಅಂದಾಗಲೆಲ್ಲ ಅದನ್ನೇ ಒತ್ತಿದೆ. ನಡುವೆ ಒಮ್ಮೆ "ನಿಮಿಷಕ್ಕೆ ಮೂರು ಒಂಬತ್ತು ಹಾಕ್ತಿದ್ದೀಯ ತಾನೇ ಅಪ್ಪಾ?" ಅಂತ ಕೇಳಿದಳು. ನಾನು ಅವಳ ತುಟಿ ಒಣಗಿದ್ದನ್ನು ನೋಡುತ್ತಿದ್ದೆ. ಹೂಂ ಅಂದೆ. ತಿದ್ದುಪಡಿಯ ಹಾಳೆಯಲ್ಲಿ ಅಂಕಿ ತುಂಬಿಸಿದವರು ಯಾರೆಂದು ಬರೆಯುವ ಅಗತ್ಯವಿಲ್ಲ ಎಂದರು ಮೇಡಂ. ಬರೆಯಿರಿ ಅಂದೆ, ನನ್ನ ಹೆಸರು ಬರೆಸಿದ್ದೇನೆ. ಅದನ್ನು ನೀನು ಅಚ್ಚಿನಲ್ಲಿ ನೋಡುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಈ ಪತ್ರ. ನಾಳೆ ಹತ್ತೂವರೆಗೆ ಕಚೇರಿ ತೆರೆಯುತ್ತದೆ, ಐದು ಪ್ರತಿ ಒಪ್ಪಿಸಬೇಕು.