ಮಷೀನ್ ಕೇಳಿದ ಹೆಸರು

ಸದಾಶಿವನಗರ, ತುಮಕೂರು
ಭಾನುವಾರ

ಅತ್ತೆಗೆ ತೇಜಸ್ವಿನಿಯ ನಮಸ್ಕಾರ.

ಫೋನಿನಲ್ಲಾದರೆ "ಅದೇನ್ ಬುಡವ್ವ" ಎಂದು ಮಾತು ತೇಲಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸೋಮವಾರ ಮಂಡಿನೋವು ತೋರಿಸಲು ಅಮೃತೂರಿನಿಂದ ಇಲ್ಲಿನ ದೊಡ್ಡಾಸ್ಪತ್ರೆಗೆ ಒಬ್ಬರೇ ಬಂದು, ತೋರಿಸದೆಯೇ ವಾಪಸ್ಸಾದಿರಿ. "ಕ್ಯೂ ಜಾಸ್ತಿ ಇತ್ತು ಕಣವ್ವ" ಎಂದಿರಿ. ಆ ಆಸ್ಪತ್ರೆಯಲ್ಲಿ ಮಾತಾಡಿಸಿ ಚೀಟಿ ಕೊಡುವ ಮಷೀನನ್ನು ರೂಪಿಸಿದವಳು ನಾನೇ. ಹಳ್ಳಿಯ ಹೆಂಗಸರಿಗೆ ಚೀಟಿ ಸಿಗುತ್ತಿಲ್ಲವೆಂದು ದೂರು ಬಂದಾಗ ಮೈಕ್ ಕೆಟ್ಟಿರಬೇಕು ಎಂದುಕೊಂಡಿದ್ದೆ. ನಿನ್ನೆ ಅದರ ಪಕ್ಕದಲ್ಲೇ ಕೂತು ನೋಡಿದೆ. "ಗಂಡನ ಹೆಸರು ಹೇಳಿ" ಎಂದಿತು. ನಿಮ್ಮ ವಯಸ್ಸಿನವರೊಬ್ಬರು ಬಾಯಿಗೆ ಸೆರಗು ಹಿಡಿದು ಅತ್ತಿತ್ತ ನೋಡಿದರು. "ಕೇಳಿಸಲಿಲ್ಲ, ಜೋರಾಗಿ ಹೇಳಿ" ಎಂದಿತು. ಅವರು ಹೊರಟೇ ಹೋದರು.

ನಿಮ್ಮ ಬಾಯಲ್ಲಿ ಮಾವನ ಹೆಸರನ್ನು ಈ ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಆದರೂ ಹೊಳೆಯಲಿಲ್ಲ. ಮಷೀನನ್ನು ಪರೀಕ್ಷೆ ಮಾಡಿಸಿದ್ದು ಕ್ಯಾತ್ಸಂದ್ರದ ಹಾಸ್ಟೆಲ್ ಹುಡುಗಿಯರಿಂದ. ಅವರು ಬಾಯಿಗೆ ಬಂದ ಹೆಸರು ಹೇಳಿ ನಕ್ಕಿದ್ದರು. ನಿಮ್ಮನ್ನು ಕರೆಯಬೇಕಿತ್ತು.

ಆ ಪ್ರಶ್ನೆ ತೆಗೆಸಿದ್ದೇನೆ. ಈಗ ಅದು "ನಿಮ್ಮ ಜೊತೆ ಯಾರು ಬಂದಿದ್ದಾರೆ?" ಎಂದು ಕೇಳುತ್ತದೆ. ಗುರುವಾರ ಬನ್ನಿ, ರಜೆ ಹಾಕಿದ್ದೇನೆ. ನನ್ನ ಹೆಸರು ಹೇಳಿ.

ನಿಮ್ಮ ಸೊಸೆ,
ತೇಜಸ್ವಿನಿ