ನಾಲ್ಕು ಮಂದಿಯ ಮುಂದೆ ಕರೆದ ಹೆಸರು

ಇಳಕಲ್ಲ
14-11-2024

ಚಿ. ಸೌ. ಸುಂದರವ್ವಳಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಕುಳಗೇರಿ ಕ್ರಾಸಿನಿಂದ ನೀನು ಬರೆದ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಸಿಟ್ಟಾಗಬೇಡ. ಎಡಗಾಲು ಕೆಳಗಿಟ್ಟರೆ ಜೀವ ಹೋದಂತಾಗುತ್ತಿತ್ತು, ಕುಳಿತು ಬರೆಯಲು ಆಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಸೊಸೆಯಂದಿರ ಕಿವಿ ಬಹಳ ಚುರುಕು.

ನೇಪಾಳದಿಂದ ಬಂದ ಮೇಲೆ ನಮ್ಮ ಮನೆಯವರು ನನ್ನ ಸಂಗಡ ಮಾತು ಬಿಟ್ಟಿದ್ದಾರೆ. ಯಾತ್ರೆಗೆ ಹೋದವರೆಲ್ಲ ಬರುವ ಸೋಮವಾರ ಕೂಡಲಸಂಗಮದಲ್ಲಿ ಸೇರಿ ಪ್ರಸಾದ ಮಾಡುತ್ತೇವೆ. ಅಲ್ಲಿ ಎಲ್ಲರೆದುರು ನಾನು ತಪ್ಪಾಯಿತು ಎನ್ನಬೇಕಂತೆ. ನೀನೂ ಹಾಗೇ ಬರೆದಿದ್ದೀಯ. ನಡೆದದ್ದನ್ನು ನನ್ನ ಬಾಯಿಂದ ಕೇಳದೆ ಬರೆದಿದ್ದೀಯ, ಆದ್ದರಿಂದ ಈಗ ಕೇಳು.

ಪಶುಪತಿನಾಥನ ದರ್ಶನ ಮುಗಿಸಿ ಬಸ್ಸು ನಿಂತ ಕಡೆಗೆ ಹೊರಟಿದ್ದೆವು. ಮುಂಜಾನೆಯ ಥಂಡಿ. ಹುನಗುಂದ, ಬಾದಾಮಿ, ಬಾಗಲಕೋಟೆಯ ಗಂಡಸರು ಮುಂದೆ, ಹೆಂಗಸರು ನಡುವೆ, ಮೊಣಕಾಲು ನೋವಿನ ನಾನು ಎಲ್ಲರಿಗಿಂತ ಹಿಂದೆ. ಓಣಿಯ ತಿರುವಿನಲ್ಲಿ ಒಂದು ತಳ್ಳುಗಾಡಿ, ಅದರ ಕೆಳಗೆ ಮರಿ ಹಾಕಿದ ನಾಯಿ. ನಾನು ನೋಡಲಿಲ್ಲ. ಅದು ಗುರ್ರೆಂದದ್ದೇ ತಡ, ಎಲ್ಲಿದ್ದವೋ, ಒಂದು ಹಿಂಡು ನಾಯಿಗಳು ಸುತ್ತುವರಿದವು. ಹಚ್ಯಾ, ಹಚ್ಯಾ ಎಂದೆ. ನಮ್ಮೂರಿನ ನಾಯಿಯಾದರೆ ಬಾಲ ಮಡಚಿ ಓಡುತ್ತಿತ್ತು. ಅವಕ್ಕೆ ನಮ್ಮ ಮಾತು ಎಲ್ಲಿ ತಿಳಿಯಬೇಕು?

ಒಂದು ನಾಯಿ ಪ್ರಸಾದದ ಚೀಲಕ್ಕೆ ಬಾಯಿ ಹಾಕಿತು. ಒಂದು ಸೆರಗು ಜಗ್ಗಿತು. ಮರಿಗಳ ತಾಯಿ ನನ್ನ ಮೀನಖಂಡಕ್ಕೆ ಹಲ್ಲು ಇಳಿಸಿ ತಲೆ ಕೊಡವಿತು. ಹಳೆಯ ಸೀರೆ ಹರಿದಂಥ ಸಪ್ಪಳ ನನ್ನ ಕಾಲಿನಿಂದಲೇ ಬಂತು. ಕೈಯಲ್ಲಿದ್ದ ತಾಮ್ರದ ತಂಬಿಗೆಯಿಂದ ಅದರ ಮೂತಿಗೆ ಹೊಡೆದೆ. ಹಲ್ಲು ಮುರಿದು ರಕ್ತ ಸುರಿದರೂ ಅದು ಬಿಡಲಿಲ್ಲ. ಕಣ್ಣಿಗೆ ಹೊಡೆದೆ. ಅಷ್ಟರಲ್ಲಿ ಇನ್ನೊಂದು ಮುಂಗೈ ಕಚ್ಚಿತು, ಬಳೆಗಳು ಒಡೆದು ಮಾಂಸದೊಳಗೆ ಹೊಕ್ಕವು. ಕೆಳಗೆ ಬಿದ್ದೆ. ಮುಖದ ಮೇಲೆ ಅವುಗಳ ಬಿಸಿ ಉಸಿರು, ಜೊಲ್ಲು.

"ರೀ! ಏನ್ರೀ! ರೀ!" ಎಂದು ಚೀರಿದೆ.

ಯಾರೂ ಬರಲಿಲ್ಲ. ಹೇಗೆ ಬಂದಾರು, ಸುಂದರವ್ವ? ಆ ಗುಂಪಿನಲ್ಲಿ ಯಾರ ಗಂಡ "ರೀ" ಅಲ್ಲ? ಹುನಗುಂದದ ಮಲಕಪ್ಪ ಆಮೇಲೆ ಕೈಮುಗಿದು ಹೇಳಿದ: "ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನಮ್ಮಾಕಿ ಮತ್ತ ಫೋಟೋ ತಗಿ ಅಂತ ಕರ್ಯಾಕ ಹತ್ತ್ಯಾಳ ಅಂದ್ಕೊಂಡ್ನಿರಿ. ಮುಂಜಾನಿಂದ ಅದ ಕಾಟ ಆಗಿತ್ತು."

ಗಂಡನ ಹೆಸರು ಬಾಯಿಗೆ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ನಮಗೆ ಕಲಿಸಿದ್ದಳು. ಮದುವೆಯಲ್ಲಿ ಒಡಪು ಹಾಕಿ, ಪದ್ಯದ ಸಾಲಿನೊಳಗೆ ಹೆಸರು ಸೇರಿಸಿ ಹೇಳಿದ್ದೇ ಕಡೆ. ರೇಷನ್ ಕಾರ್ಡಿನವರು ಬಂದು ಕೇಳಿದರೂ ಮಗನ ಕಡೆಗೆ ಕೈ ತೋರಿಸಿದವಳು ನಾನು. ಆ ಓಣಿಯಲ್ಲಿ, ನಾಯಿ ಕುತ್ತಿಗೆಯ ಹತ್ತಿರ ಬಂದಾಗ, ಎದೆ ಬಿರಿಯುವಂತೆ ಕೂಗಿದೆ:

"ರಾಚಪ್ಪಾ! ಏ ರಾಚಪ್ಪಾ!"

ಎಲ್ಲರೂ ಒಮ್ಮೆಲೇ ಹೊರಳಿದರು. ಮಲಕಪ್ಪ ಕಲ್ಲು ತೆಗೆದುಕೊಂಡು ಓಡಿ ಬಂದ. ಯಾರೋ ಕೊಡೆಯಿಂದ ಬಡಿದರು. ಒಂದು ನಾಯಿ ಅಲ್ಲೇ ಸೊಂಟ ಮುರಿದು ಬಿತ್ತು, ತಾಯಿನಾಯಿ ಮಾತ್ರ ನನ್ನ ಕಾಲಿನ ತುಣುಕು ಬಾಯಲ್ಲಿಟ್ಟುಕೊಂಡೇ ಗಾಡಿಯ ಕೆಳಗೆ ಹೊಕ್ಕಿತು.

ಇವರು ಎಲ್ಲರಿಗಿಂತ ಕಡೆಗೆ ಬಂದರು. ನನ್ನ ಕಾಲಿನಿಂದ ರಕ್ತ ಗಟಾರಕ್ಕೆ ಹರಿಯುತ್ತಿತ್ತು. ಇವರ ಮೊದಲ ಮಾತು: "ನಾಕ ಮಂದಿ ಮುಂದ ಹೆಸರ ಹಿಡದು ಕರದ್ಯಲ್ಲ, ನಾ ಏನ ನಿಮ್ಮಪ್ಪನ ಮನಿ ಆಳೇನು?"

ಅಲ್ಲಿನ ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಸೂಜಿ ಚುಚ್ಚಿದರು. ನಾನು ಹಾ ಎನ್ನಲಿಲ್ಲ. ಬಸ್ಸಿನಲ್ಲಿ ಬಾದಾಮಿಯ ಇಂದ್ರಾಬಾಯಿ, "ಶಿವಬಸವ್ವಾರ, ಒಡಪಿಲ್ದ ಹೆಸರ ಹೇಳಿಬಿಟ್ರಲ್ರಿ!" ಎಂದಳು. ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಮುಂದಿನ ಸೀಟಿನಲ್ಲಿದ್ದ ಇವರ ಕಿವಿ ಕೆಂಪಾದವು.

ಮೊನ್ನೆ ಮೈದುನ ನಾಗಲಿಂಗ ಸಂಧಾನಕ್ಕೆ ಬಂದಿದ್ದ. "ವೈನಿ, ತಪ್ಪಾತು ಅಂತ ಒಂದ ಮಾತ ಅಂದ್ರ ನಿಮ್ಮದೇನ ಹೋಗತೈತ್ರಿ?" ಎಂದ. "ಹೋಗಾಕ ಇನ್ನೇನ ಉಳದೈತೋ? ಕಾಲಿನ ಮಾಂಸನ ಹೋಗೇತಿ" ಎಂದೆ. ಚಹಾ ಕುಡಿದು ಎದ್ದು ಹೋದ.

ಸೋಮವಾರ ಸಂಗಮಕ್ಕೆ ಹೋಗುತ್ತೇನೆ. ಬಡಿಸುತ್ತೇನೆ, ಉಣ್ಣುತ್ತೇನೆ. ತಪ್ಪಾಯಿತು ಎನ್ನುವುದಿಲ್ಲ. ಇವರು ಜೀವನವಿಡೀ ಮಾತು ಬಿಡಲಿ.

ನಿನ್ನ ದೀಪಕನಿಗೂ ವಿದ್ಯಾಳಿಗೂ ನನ್ನ ಆಶೀರ್ವಾದ. ವಿದ್ಯಾಳಿಗೆ ದಿನ ತುಂಬುತ್ತ ಬಂದಿವೆ, ಭಾರ ಎತ್ತಿಸಬೇಡ. ಬಸವಣ್ಣ ನಿಮ್ಮನ್ನೆಲ್ಲ ನೆಟ್ಟಗಿಡಲಿ.

ನಿನ್ನ ಅಕ್ಕ
ಶಿವಬಸವ್ವ

ತಾ. ಕ.: ಮಲಕಪ್ಪನಿಗೆ ನನ್ನ ದನಿ ಗುರುತು ಹತ್ತಲಿಲ್ಲ, ಅದು ಅವನ ತಪ್ಪಲ್ಲ. ಇವರಿಗೆ ಹತ್ತಿತ್ತು. ಮೊದಲ ಸಲ "ರೀ" ಎಂದಾಗಲೇ ಇವರೊಬ್ಬರು ಹೊರಳಿ ನೋಡಿದರು. ನಾಯಿ ಕಾಲಿಗೆ ಜೋತುಬಿದ್ದದ್ದನ್ನು ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಧೋತರ ಎತ್ತಿ ಹಿಡಿದು ಬಿರಬಿರನೆ ಮುಂದೆ ನಡೆದರು. ಹೆಸರು ನನ್ನ ಬಾಯಿಗೆ ಬಂದದ್ದು ಆ ಬೆನ್ನು ಕಂಡ ಮೇಲೆ. ಇದನ್ನು ನಾಗಲಿಂಗನಿಗೆ ಹೇಳಿಲ್ಲ, ಮಕ್ಕಳಿಗೂ ಹೇಳಿಲ್ಲ. ನೀನೂ ಹೇಳಬೇಡ. ಹೆಂಡತಿ ಬಾಯಿ ಜೋರಿನವಳು ಎಂದರೆ ಗಂಡಸು ನಾಲ್ಕು ಮಂದಿಯಲ್ಲಿ ಹೇಗೋ ಬದುಕುತ್ತಾನೆ. ಇದು ಗೊತ್ತಾದರೆ ಇವರು ಬದುಕಲಾರರು.